ಬ್ರೇಕಿಲ್ಲದ ಗಾಡಿ

ಕುದುರೆ ಮನೆಗೆ ಬಂದ ದಿನ ಅಕ್ಕ ಕಿಟಕಿಯ ಪರದೆ ಸರಿಸಿ, ಅದನ್ನು ಮೂಗಿನಿಂದ ಬಾಲದವರೆಗೆ ಕಣ್ಣಲ್ಲೇ ಅಳೆದು, "ಹಾರ್ನ್ ಎಲ್ಲಿದೆಯೋ ಇದಕ್ಕೆ?" ಎಂದು ಕೇಳಿದ್ದಳು.

"ಹಾರ್ನ್ ಯಾಕೆ, ನೀನಿದ್ದೀಯಲ್ಲ," ಎಂದಿದ್ದ ತಮ್ಮ.

ಊರಿಗೆಲ್ಲ ಅವನು ಡ್ರೈವರ್. ಬಸ್ಸು ಬಿಟ್ಟು ನಿವೃತ್ತನಾದ ಮೇಲೂ ಹಾಲು ಹಾಕುವವನು, ಕ್ಷೌರದಂಗಡಿಯವನು, ಎದುರು ಮನೆಯ ಮಕ್ಕಳು ಹಾಗೆಯೇ ಕರೆಯುತ್ತಿದ್ದರು. ಅವನ ಬಸ್ಸು ಹತ್ತದವರು ಊರಲ್ಲಿ ಯಾರೂ ಇರಲಿಲ್ಲ, ಒಡಹುಟ್ಟಿದ ಅಕ್ಕನೊಬ್ಬಳನ್ನು ಬಿಟ್ಟು. ಎಂಜಿನ್ನಿನ ಹೊಗೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸಿ ವಾಂತಿ. ಬಸ್ಸು, ಕಾರು, ಆಟೋ ಯಾವುದೂ ಆಗದು. ಕಾಲು ಗಟ್ಟಿ ಇರುವ ತನಕ ಎಲ್ಲಿಗೂ ನಡೆದೇ ಹೋದಳು. ಮಂಡಿ ಕೈಕೊಟ್ಟ ಮೇಲೆ ಕೋಲೂರಿಕೊಂಡು ಹಾಸಿಗೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ ಬರುವುದೇ ಅವಳ ಓಡಾಟವಾಯಿತು. ಗಾಲಿಕುರ್ಚಿ ತರುತ್ತೇನೆಂದರೆ, "ನನ್ನನ್ನ ತಳ್ಳೋದು ಬೇಡ ಕಣೋ, ನಾನೇನು ಕೆಟ್ಟುನಿಂತ ಬಸ್ಸಾ?" ಎನ್ನುತ್ತಿದ್ದಳು.

ತಾಯಿ ಹೋದ ಮೇಲೆ ತಮ್ಮನನ್ನೂ ತಂಗಿಯನ್ನೂ ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವಳನ್ನು ಒಂದು ದಿನವಾದರೂ ಕೂರಿಸಿಕೊಂಡು ಊರು ಸುತ್ತಿಸಬೇಕು ಎಂಬುದು ಡ್ರೈವರನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಹೊಗೆಯಿಲ್ಲದ ವಾಹನ ಯಾವುದು ಎಂದು ಯೋಚಿಸುತ್ತ ಯೋಚಿಸುತ್ತ ಅವನು ಕುದುರೆಗೆ ಬಂದು ಮುಟ್ಟಿದ್ದ.

ಹಿತ್ತಲಿನ ತಗಡಿನ ಶೆಡ್ಡಿನಿಂದ ಹಳೆಯ ಸ್ಕೂಟರು ಹೊರಗೆ ಬಂತು, ಕಂದು ಬಣ್ಣದ ಹೆಣ್ಣು ಕುದುರೆ ಒಳಗೆ ಹೋಯಿತು. ಅಕ್ಕ ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಳು. ಅದು ಹೊಗಳಿಕೆಯಲ್ಲ. ಬೆಳಗಾಗುವ ಮೊದಲೇ ಹುಲ್ಲು ಕೇಳಿ ಕಾಲಲ್ಲಿ ತಗಡು ಒದೆಯುವ ಅದರ ಗತ್ತಿಗೆ ಇಟ್ಟ ಹೆಸರು.

ಕುದುರೆ ಮಾರಿದ ಮುದುಕ ಪಾಠ ಹೇಳಿಕೊಟ್ಟಿದ್ದ. ಮೊದಲು ಉದ್ದದ ಲಗಾಮು ಹಿಡಿದು ಹಿಂದೆ ನಡೆಯಬೇಕು. ಹೋಗು, ನಿಲ್ಲು, ತಿರುಗು, ಇಷ್ಟನ್ನು ಕುದುರೆ ಕಲಿಯಬೇಕು. ಆಮೇಲೆ ಹಗ್ಗಕ್ಕೆ ಹಳೆಯ ಟೈರು ಕಟ್ಟಿ ಎಳೆಸಬೇಕು, ಬೆನ್ನ ಹಿಂದೆ ಏನೋ ಸದ್ದು ಮಾಡುತ್ತ ಬರುತ್ತದೆ ಎಂಬ ಭಯ ಬಿಡಬೇಕು. ಅದೆಲ್ಲ ಆದ ಮೇಲೆ ಗಾಡಿ. ಮನೆಯ ಪಕ್ಕದಲ್ಲೇ ಮುಚ್ಚಿಹೋದ ಗೋದಾಮಿನ ಬಯಲಿತ್ತು. ಡ್ರೈವರ್ ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಟವನಂತೆ ಹಳೆಯ ಬೂಟು ಬಿಗಿದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಅಕ್ಕನ ಕಿಟಕಿಗೆ ಬಯಲು ಪೂರ್ತಿ ಕಾಣುತ್ತಿತ್ತು.

ಅವನಿಗೆ ಬಗೆಹರಿಯದಿದ್ದದ್ದು ಒಂದೇ. ಬಸ್ಸಿಗೆ ಮನಸ್ಸಿರಲಿಲ್ಲ. ಕೆಟ್ಟರೆ ಬಾನೆಟ್ ಎತ್ತಿ ನೋಡಬಹುದಿತ್ತು. ಇದರ ಬಾನೆಟ್ ಎಲ್ಲಿ? ಕಿವಿ ಒಂದು ಮುಂದೆ, ಒಂದು ಹಿಂದೆ ತಿರುಗಿಸಿಕೊಂಡು ಅದು ನಿಂತಾಗ, ತಾನು ಹೇಳಿದ್ದು ಯಾವ ಕಿವಿಗೆ ಬಿತ್ತು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಆದರೂ ಅದು ಕಲಿಯಿತು. ಟೈರು ಎಳೆಯಿತು. ಎರಡು ಮೂಕಿಮರಗಳ ನಡುವೆ ನಿಂತು ಖಾಲಿ ಗಾಡಿ ಎಳೆಯಿತು. ಗಾಡಿಯ ಮುಂಭಾಗದ ಹಲಗೆಯ ಮೇಲೆ ಕಾಲಿಟ್ಟು ಕೂತು, ಲಗಾಮು ಹಿಡಿದು, "ಹೋ" ಎಂದು ಅವನು ಎಳೆದಾಗ ನಿಂತಿತು. ಅವನು ಕಿಟಕಿಯ ಕಡೆ ನೋಡಿದ.

"ಇವತ್ತು ನಿಂತಿದೆ," ಎಂದಳು ಅಕ್ಕ. "ನಾಳೆ?"

ನಾಳೆ ನಿಲ್ಲಲಿಲ್ಲ. ಬಯಲಿನ ತುದಿಯ ಗೋಡೆಯವರೆಗೆ ಹೋಗಿ, ಮುಂದೆ ದಾರಿಯಿಲ್ಲದೆ ನಿಂತಿತು. ಅದರ ಮರುದಿನವೂ ಹಾಗೆಯೇ. ನಾಲ್ಕಾರು ದಿನ ಬಿಟ್ಟು ಮತ್ತೆ ಬಂಗಾರದಂತೆ ನಿಂತಿತು. ಡ್ರೈವರ್ ಹುಲ್ಲು ಬದಲಿಸಿದ. ಕಡಿವಾಣ ಬಾಯಿಗೆ ಚುಚ್ಚುತ್ತಿದೆಯೇನೋ ಎಂದು ಬಿಚ್ಚಿ ಸವರಿ ನೋಡಿದ. ಗಾಳಿ ಎದುರಿಗೆ ಬೀಸಿದರೆ ನಿಲ್ಲುತ್ತದೆಯೋ, ಬೆನ್ನಿಗೆ ಬೀಸಿದರೆ ನಿಲ್ಲುತ್ತದೆಯೋ ಎಂದು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದ. ಮುದುಕನಿಗೆ ಫೋನು ಮಾಡಿದರೆ ಅವನು, "ನೀವು ಕಲಿಸಿದ್ದನ್ನೇ ಅದು ಮಾಡ್ತಿರತ್ತೆ ಸ್ವಾಮಿ, ಏನು ಕಲಿಸಿದ್ದೀರೋ ನೋಡ್ಕೊಳಿ," ಎಂದು ಇಟ್ಟುಬಿಟ್ಟ. ಆ ಮಾತಿನಿಂದ ತಲೆ ಇನ್ನಷ್ಟು ಕೆಟ್ಟಿತು.

ಆ ಹೊತ್ತಿಗೇ ತಂಗಿ ಬಿದ್ದಳು. ಊರಿನ ಆ ತುದಿಯಲ್ಲಿ ಅವಳ ಮನೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದಳು. ಅವಳ ಮಗಳು ದೂರದೂರಿನಿಂದ ಬಂದು, ಡಾಕ್ಟರು ಒಪ್ಪಿದ ಕೂಡಲೇ ಅಮ್ಮನನ್ನು ತನ್ನಲ್ಲಿಗೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದಳು. ಮನೆಯನ್ನೂ ಖಾಲಿ ಮಾಡುವುದೆಂದಾಯಿತು. ಅಕ್ಕನಿಗೆ ಮಂಡಿ, ತಂಗಿಗೆ ಉಬ್ಬಸ, ಹೀಗಾಗಿ ಒಂದೇ ಊರಿನಲ್ಲಿದ್ದೂ ಅಕ್ಕ ತಂಗಿಯರು ಮುಖ ನೋಡಿ ವರ್ಷಗಳಾಗಿದ್ದವು. ಇನ್ನು ತಂಗಿ ಊರು ಬಿಟ್ಟರೆ ಫೋನಿನ ದನಿ ಮಾತ್ರ.

"ಅಕ್ಕ, ನೀನು ಬರಲ್ವಾ?" ಎಂದು ತಂಗಿ ಫೋನಿನಲ್ಲಿ ಕೇಳಿದ್ದು ಡ್ರೈವರನಿಗೂ ಕೇಳಿಸಿತು.

"ನಿಮ್ಮಣ್ಣನ ಮಹಾರಾಣಿ ಮನಸ್ಸು ಮಾಡಿದ್ರೆ ಬರ್ತೀನಿ ಕಣೆ ಪುಟ್ಟಿ," ಎಂದಳು ಅಕ್ಕ. ಫೋನಿಟ್ಟ ಮೇಲೆ ತಮ್ಮನ ಕಡೆ ತಿರುಗಿದಳು. "ನೋಡು, ನಂಗೆ ಓಡೋದು ಮುಖ್ಯ ಅಲ್ಲ. ನಿಲ್ಲು ಅಂದ್ರೆ ನಿಲ್ಲಬೇಕು. ಈ ಮಂಡಿ ಇಟ್ಕೊಂಡು ನಾನು ಹಾರಿ ಇಳಿಯೋಕೆ ಆಗತ್ತಾ? ಅದು ನಿಲ್ಲತ್ತೆ ಅಂತ ನೀನು ಎದೆ ಮುಟ್ಟಿ ಹೇಳಿದ ದಿನ ಹತ್ತುತೀನಿ."

ಅವನ ಕೈ ಎದೆಯ ತನಕ ಹೋಗಿ, ಅಂಗಿಯ ಗುಂಡಿ ಸರಿಮಾಡಿ ಕೆಳಗಿಳಿಯಿತು.

ಮರುದಿನ ಅವನು ಅಕ್ಕ ಕೂರುವ ಜಾಗಕ್ಕೆ ದಿಂಬು ಕಟ್ಟಿದ. ಹಲಗೆ ಕಾಲಿಗೆ ಒರಟಾದೀತೆಂದು ದಪ್ಪನೆಯ ರಬ್ಬರ್ ಹಾಸು ತಂದು ಉದ್ದಕ್ಕೂ ಹಾಸಿದ. ಬೂಟು ಒರೆಸಿ ಹಾಕಿಕೊಂಡ. ಹಿಂದಿನ ದಿನವಷ್ಟೇ ಹೇಳಿದ ಕೂಡಲೇ ನಿಂತಿದ್ದ ಕುದುರೆ, ಅವತ್ತು ಎಷ್ಟು "ಹೋ" ಎಂದರೂ, ಲಗಾಮು ಎಷ್ಟು ಜಗ್ಗಿದರೂ, ಕತ್ತು ಬಿಲ್ಲಿನಂತೆ ಬಾಗಿಸಿಕೊಂಡು ಗೋಡೆಯ ತನಕ ನಡೆದೇ ನಡೆಯಿತು. ಡ್ರೈವರ್ ಇಳಿದು, ಅದರ ಮುಖದೆದುರು ನಿಂತು, ಕಣ್ಣುಪಟ್ಟಿಗಳ ನಡುವೆ ಇಣುಕಿ, "ನಿಂಗೆ ಏನಮ್ಮ ಬೇಕು?" ಎಂದು ಕೇಳಿದ. ಕುದುರೆ ಅವನ ಅಂಗಿಯ ಗುಂಡಿ ಮೂಸಿತು.

ಮನೆಗೆ ಬಂದವನು ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ಒಳಗಿನಿಂದ ಅಕ್ಕನ ದನಿ ಬಂತು.

"ಇವತ್ತು ಸದ್ದು ಕೇಳಿಸಲಿಲ್ಲ."

"ಏನು ಸದ್ದು?"

"ನಿನ್ನ ಕಾಲಿಂದು. ನೀನು ಹೋ ಅಂದಾಗೆಲ್ಲ ಬಲಗಾಲಲ್ಲಿ ಹಲಗೆ ಒದೀತೀಯ. ಇಲ್ಲಿಗೆ ಢಬ್ ಅಂತ ಕೇಳತ್ತೆ. ಢಬ್ ಅಂದ್ರೆ ನಿಲ್ಲತ್ತೆ. ಕೇಳದಿದ್ದ ದಿನ ಇಲ್ಲ. ಬೂಟು ರಿಪೇರಿಗೆ ಕೊಟ್ಟು ನೀನು ಹವಾಯಿ ಚಪ್ಪಲಿ ಹಾಕ್ಕೊಂಡು ಹೋದೆಯಲ್ಲ, ಆಗಲೂ ಕೇಳಿರಲಿಲ್ಲ."

"ನಾನ್ಯಾಕೆ ಒದೀಲಿ?"

"ನನ್ನನ್ನ ಕೇಳಿದ್ರೆ? ಬಸ್ಸಲ್ಲಿ ಬ್ರೇಕು ಎಲ್ಲಿರತ್ತೋ ನಂಗೇನು ಗೊತ್ತು, ನಾನು ಹತ್ತಿದವಳೇ ಅಲ್ಲ."

ಅವನು ತನ್ನ ಬಲಗಾಲನ್ನು ನೋಡಿಕೊಂಡ. ಅದು ಬೇರೆ ಯಾರದೋ ಕಾಲಿನಂತೆ ಬೂಟಿನೊಳಗೆ ಸುಮ್ಮನೆ ಕೂತಿತ್ತು. ಬಯಲಿಗೆ ಓಡಿ ರಬ್ಬರ್ ಹಾಸು ಕಿತ್ತೆಸೆದ. ಗಾಡಿ ಹೊರಡಿಸಿದ. ಈ ಸಲ ಲಗಾಮು ಮುಟ್ಟಲಿಲ್ಲ, ಬಾಯಿ ಬಿಡಲಿಲ್ಲ, ಹಲಗೆಗೆ ಒಂದು ಒದೆ ಕೊಟ್ಟ. ಕುದುರೆ ಬೇರು ಬಿಟ್ಟಂತೆ ನಿಂತಿತು.

ಖುಷಿಯಾಗಬೇಕಿತ್ತು. ಆಗಿದ್ದು ಗಲಿಬಿಲಿ. ಇಷ್ಟು ತಿಂಗಳು ಕೈಯಿಂದ ಕಲಿಸಿದೆ ಎಂದುಕೊಂಡಿದ್ದು ಕೈಯಿಂದ ಹೋಗೇ ಇರಲಿಲ್ಲ. ತನಗೇ ತಿಳಿಯದೆ ಕಾಲು ಪಾಠ ಮಾಡಿತ್ತು, ಕುದುರೆ ಕಾಲಿನ ಪಾಠ ಕಲಿತಿತ್ತು. ಹಾಗಾದರೆ ಇದನ್ನು ತಾನು ಪಳಗಿಸಿದ್ದೇನೋ ಇಲ್ಲವೋ? ಮತ್ತೆ ಮೊದಲಿನಿಂದ ಶುರು ಮಾಡಬೇಕೋ? ತಂಗಿ ಹೊರಡುವ ದಿನ ಗೊತ್ತಾಗಿತ್ತು. ಮೊದಲಿನಿಂದ ಶುರು ಮಾಡಲು ಸಮಯವಿರಲಿಲ್ಲ.

"ಕಾಲಾದ್ರೇನು, ಕೈಯಾದ್ರೇನು," ಎಂದಳು ಅಕ್ಕ. "ಒದಿ, ಹೋಗೋಣ."

ತಂಗಿ ಹೊರಡುವ ಹಿಂದಿನ ದಿನ, ಬೆಳಗಿನ ಬಿಸಿಲಿನಲ್ಲಿ, ಅಕ್ಕ ಮೆಟ್ಟಿಲಾಗಿ ಹಾಕಿದ ಸ್ಟೂಲಿನಿಂದ ಗಾಡಿಗೆ ಹತ್ತಿದಳು. ಇಸ್ತ್ರಿ ಮಾಡಿದ ಸೀರೆ, ಮಡಿಲಲ್ಲಿ ಕೋಲು. ಗಾಡಿ ರಸ್ತೆಗಿಳಿದಾಗ ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಮೂಗಿನ ಬಳಿ ಒಯ್ದು, ಅಲ್ಲಿ ಯಾವ ವಾಸನೆಯೂ ಇಲ್ಲವೆಂದು ತಿಳಿದು, ಮೆಲ್ಲಗೆ ಕೆಳಗಿಳಿಸಿದಳು.

ಮೊದಲ ತಿರುವಿನಲ್ಲಿ ಒಂದು ಲಾರಿ ಎದುರು ಬಂತು. ಢಬ್. ಕುದುರೆ ನಿಂತಿತು.

"ಯಾಕೆ ನಿಲ್ಲಿಸಿದೆ?"

"ನಾನು ನಿಲ್ಲಿಸಲಿಲ್ಲ."

ಹೊರಟಿತು. ಸೈಕಲ್ಲೊಂದು ಅಡ್ಡ ಬಂತು, ಢಬ್. ಹಣ್ಣಿನಂಗಡಿಯ ಮುಂದೆ ನಾಯಿ ಎದ್ದಿತು, ಢಬ್. ಆಟೋದವನೊಬ್ಬ ಹಿಂದಿನಿಂದ ಹಾರ್ನ್ ಒತ್ತಿಯೇ ಒತ್ತಿದ. ಡ್ರೈವರನಿಗೆ ಬೆವರು ಇಳಿಯಿತು. ಒದೆಯಬಾರದು ಎಂದು ಹಲ್ಲು ಕಚ್ಚಿ ಕೂತಷ್ಟೂ ಕಾಲು ತಾನಾಗಿ ಒದೆಯುತ್ತಿತ್ತು.

"ಏನ್ ಡ್ರೈವರ್ರೇ, ಸ್ಟಾಪ್ ಸ್ಟಾಪಿಗೂ ನಿಲ್ಲಿಸ್ತಿದ್ದೀರಿ, ನಂಗೂ ಒಂದು ಟಿಕೆಟ್ ಕೊಡಿ," ಎಂದು ಹಣ್ಣಿನವನು ಕೂಗಿದ.

ಅಕ್ಕ ನಕ್ಕು ಕಣ್ಣೊರೆಸಿಕೊಂಡಳು. ಬಿಸಿಲು ಏರುತ್ತಿತ್ತು, ಅರ್ಧ ದಾರಿಯೂ ಆಗಿರಲಿಲ್ಲ. "ಹೀಗೇ ಹೋದ್ರೆ ಪುಟ್ಟಿ ಊಟ ಮಾಡಿ ಮಾತ್ರೆ ನುಂಗಿ ಮಲಗಿಬಿಡ್ತಾಳೆ. ಮಾತ್ರೆ ತಗೊಂಡ್ರೆ ಸಂಜೆ ತನಕ ಎಚ್ಚರ ಇರಲ್ಲ ಅವಳಿಗೆ," ಎಂದಳು. ಕೋಲಿನಿಂದ ಅವನ ಬಲಗಾಲು ತೋರಿಸಿದಳು. "ಆ ಕಾಲನ್ನ ಎತ್ತಿ ಮೇಲಿಟ್ಕೋ. ಚಕ್ಕಂಬಟ್ಟಲೆ ಹಾಕ್ಕೊಂಡು ಕೂತ್ಕೋ."

"ಆಮೇಲೆ ನಿಲ್ಲಿಸೋದು ಹೇಗಕ್ಕ?"

"ಮೊದಲು ಹೋಗೋಣ."

"ನಿಲ್ಲೋದೇ ಮುಖ್ಯ ಅಂದೋಳು ನೀನು."

"ಅಂದಿದ್ದೆ," ಎಂದಳು ಅಕ್ಕ. ಅವಳ ಹಿಡಿತ ಕಂಬಿಯ ಮೇಲೆ ಬಿಗಿಯಾಯಿತು. "ಈಗ ಹೋಗು ಅಂತಿದ್ದೀನಿ."

ಅವನು ಬೂಟು ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಕಾಲು ಮಡಚಿ ಕೂತ. ಕಾಲಿಲ್ಲದ ಡ್ರೈವರ್. ಕೈಯಲ್ಲಿ ಎರಡು ಚರ್ಮದ ಪಟ್ಟಿ, ಅವುಗಳ ಆ ತುದಿಯಲ್ಲಿ ಏನು ಯೋಚಿಸುತ್ತಿದೆಯೋ ತಿಳಿಯದ ಒಂದು ಜೀವ. ಕುದುರೆ ನಡೆಯಿತು, ಆಮೇಲೆ ಹಗುರಾಗಿ ಓಡಿತು. ಬಸ್ಸು ಬಂದಾಗ ಅವನ ಬಲತೊಡೆ ಬ್ರೇಕಿಗೆಂದು ಎಗರಿತು, ಆದರೆ ಒದೆಯಲು ಹಲಗೆ ಸಿಗಲಿಲ್ಲ. ಕುದುರೆ ಬದಿಗೆ ಸರಿದು ಬಸ್ಸಿಗೆ ದಾರಿ ಬಿಟ್ಟಿತು. ತಾನು ಲಗಾಮು ಎಳೆದದ್ದಕ್ಕೋ, ಅದಕ್ಕೇ ಗೊತ್ತಾಗಿಯೋ ಎಂದು ಅವನು ಕೇಳಿಕೊಳ್ಳುವಷ್ಟರಲ್ಲಿ ಮುಂದಿನ ತಿರುವು ಬಂದಿತ್ತು.

ತಂಗಿಯ ಬೀದಿ. ನೀಲಿ ಗೇಟು. ಕಿಟಕಿಯ ಬಳಿಗೆ ಎಳೆದಿಟ್ಟ ಮಂಚ, ದಿಂಬಿಗೊರಗಿದ ಒಂದು ಮುಖ. "ಹೋ," ಎಂದ ಡ್ರೈವರ್. ಲಗಾಮನ್ನು ಮೆಲ್ಲಗೆ ಹಿಂದಕ್ಕೆ ತಂದ. ಕುದುರೆಯ ಒಂದು ಕಿವಿ ಹಿಂದಕ್ಕೆ ತಿರುಗಿತು. ನೀಲಿ ಗೇಟು ಪಕ್ಕದಲ್ಲಿ ಹಾದುಹೋಯಿತು. ಕಿಟಕಿಯ ಮುಖವೂ ಹಾದುಹೋಯಿತು. "ಹೋ ಅಂದೆ ಕಣಮ್ಮ," ಎಂದ ಅವನು, ಜೋರಾಗಿ ಅಲ್ಲ. ಇನ್ನೊಂದು ಮನೆ ದಾಟಿ, ಅದರಾಚೆಯ ಮನೆಯ ಹಸಿರು ಬೇಲಿಯ ಪಕ್ಕದಲ್ಲಿ ಕುದುರೆ ನಿಧಾನವಾಯಿತು. ನಿಂತಿತು. ಕತ್ತು ಚಾಚಿ ಬೇಲಿಯ ಚಿಗುರಿಗೆ ಬಾಯಿ ಹಾಕಿತು.

"ನಿಂತ್ಲಲ್ಲ," ಎಂದಳು ಅಕ್ಕ.

"ನಾನು ಹೇಳಿದ್ದಕ್ಕೋ, ಬೇಲಿಗೋ?"

ಅಕ್ಕ ಆಗಲೇ ಕೋಲನ್ನು ಕೆಳಗಿಳಿಬಿಟ್ಟಿದ್ದಳು. ಅವನು ಬರಿಗಾಲಲ್ಲಿ ಇಳಿದು, ಒಂದು ಕೈಯಲ್ಲಿ ಲಗಾಮು ಹಿಡಿದುಕೊಂಡೇ ಇನ್ನೊಂದರಲ್ಲಿ ಅವಳನ್ನು ಇಳಿಸಿಕೊಂಡ. ಗೇಟಿನ ತನಕ ಕರೆದೊಯ್ಯಲು ಹೊರಟರೆ ಕುದುರೆಯನ್ನು ಬಿಡಬೇಕು. ಅಕ್ಕ ಅವನ ಕೈ ಬಿಡಿಸಿಕೊಂಡಳು. ಕಾಂಪೌಂಡು ಗೋಡೆ ಹಿಡಿದು, ಕೋಲೂರಿ, ಒಂದು ಮನೆಯ ಗೋಡೆ ಮುಗಿದು ಇನ್ನೊಂದು ಶುರುವಾಗುವಲ್ಲಿ ಸುಧಾರಿಸಿಕೊಂಡು, ಮತ್ತೆ ಹೊರಟಳು. ಅವನು ಲಗಾಮು ಹಿಡಿದು ನೋಡುತ್ತಲೇ ಇದ್ದ. ನೀಲಿ ಗೇಟು ಕಿರ್ರೆಂದು ತೆರೆಯಿತು.

ಒಳಗಿನಿಂದ ತಂಗಿಯ ದನಿ ಕೇಳಿಸಿತು. "ಬಸ್ಸಿನವರ ಬುದ್ಧಿ ನೋಡು, ಸ್ಟಾಪ್ ಬಿಟ್ಟು ಮುಂದೆ ಹೋಗಿ ನಿಲ್ಲಿಸ್ತಾರೆ." ಅದಕ್ಕೆ ಅಕ್ಕ ಏನೆಂದಳೋ, ಇಬ್ಬರೂ ನಗುತ್ತಿದ್ದರು. ಆ ಎರಡು ನಗು ಬೇರೆ ಬೇರೆಯಾಗಿ ಕೇಳಿಸುತ್ತಿರಲಿಲ್ಲ.

ಬೇಲಿಯ ಮನೆಯಾತ ಹೊರಗೆ ಬಂದ. "ಏನ್ರೀ ಇದು, ನಿಮ್ಮ ಕುದುರೆ ನಮ್ಮ ಗಿಡ ತಿಂತಿದೆ."

"ತಿಂತಿದೆ," ಎಂದು ಡ್ರೈವರ್ ಒಪ್ಪಿಕೊಂಡ.

"ಎಳ್ಕೊಳ್ರೀ ಆಚೆ."

"ಎಳೆದ್ರೆ ಹೊರಟುಬಿಡತ್ತೆ ಸಾರ್," ಎಂದ ಅವನು, ಬೇಲಿಯೊಳಗೆ ಮುಖ ಹುದುಗಿಸಿದ್ದ ಕುದುರೆಯನ್ನು ನೋಡುತ್ತ. "ಆಮೇಲೆ ಹೇಗೆ ನಿಲ್ಲತ್ತೋ ನಂಗೆ ಗೊತ್ತಿಲ್ಲ. ನಮ್ಮಕ್ಕ ಮಾತಾಡಿ ಮುಗಿಸೋ ತನಕ ಸ್ವಲ್ಪ ಬೇಲಿ ಬಿಟ್ಟುಕೊಡಿ."