ಸಿಸ್ಟರ್‌ಗೆ ತೋರಿಸದ ಫೋಟೋ

ಹೋದ ವಾರ ಕೊಯಮತ್ತೂರಿನ ಹತ್ತಿರದ ನಮ್ಮ ಸೋಮನೂರಲ್ಲಿ ಜೋರು ಮಳೆ. ಮಗ್ಗದ ಶೆಡ್ಡು ಸೋರಿ, ಗಂಜಿ ಹಾಕಿದ ನೂಲೆಲ್ಲ ನೆನೆದುಹೋಯಿತು. ಮಾರನೇ ದಿನ ಅದರ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆಸ್ಪತ್ರೆಯ ನರ್ಸ್, ನಮ್ಮ ಸಿಸ್ಟರ್ ನೆನಪಾದಳು...

ಮೂರು ವರ್ಷದ ಹಿಂದಿನ ಮಾತು. ಕ್ಯಾನ್ಸರ್ ಗಡ್ಡೆ, ನನ್ನ ಬಲಗಡೆಯ ಮೊಲೆ ತೆಗೆಯಬೇಕು, ತಡ ಮಾಡಬಾರದು ಅಂತ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ಮಗಳ ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅದು ಮುಗಿಯಲಿ ಅಂತ ನಾನು ಹಟ ಹಿಡಿದೆ. ಮೈ ಊನವಾದವಳು ಧಾರೆ ಎರೆಯಬಾರದು ಅಂತ ನಮ್ಮ ಮನೆಯ ಹಿರಿಯರು ಹೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಇದನ್ನು ಡಾಕ್ಟರಿಗೆ ತಮಿಳಲ್ಲಿ ಹೇಳಲು ನಾಚಿಕೆ. ಮನೆಯವರ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದೆ. ಆಪರೇಷನ್‌ಗೆ ಮುಂಚೆ ಹೆಂಗಸರ ಜೊತೆ ಕೂತು ಮಾತಾಡುವುದೇ ಆ ಸಿಸ್ಟರ್ ಕೆಲಸ. ಪಕ್ಕದಲ್ಲೇ ಇದ್ದವಳು ಫೈಲಿನಿಂದ ತಲೆ ಎತ್ತಿದಳು.

"ಧಾರೆ ಎರೆಯೋದು ಕೈ ಅಲ್ವಾ ಅಕ್ಕಾ? ಕೈಯನ್ನ ಯಾರೂ ತೆಗೆಯಲ್ಲ."

ಅಪ್ಪಟ ನಮ್ಮ ಕನ್ನಡ! ನೆಗಮ ಅನ್ನುವ ಊರಿನ ಕೈಮಗ್ಗದ ಮನೆಯವಳಂತೆ. ನಾನು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕೂತೆ. ಗಾಯ ಎಲ್ಲಿಂದ ಎಲ್ಲಿಗೆ ಬರುತ್ತದೆ ಅಂತ ರವಿಕೆಯ ಮೇಲೆ ಬೆರಳೆಳೆದು ತೋರಿಸಿದಳು. ಮದುವೆಗೆ ಕಾಯದೆ ಆಪರೇಷನ್ ಕಾಗದಕ್ಕೆ ಸಹಿ ಹಾಕಿದೆ.

ಕಟ್ಟು ಬಿಚ್ಚುವ ದಿನ ಪರದೆ ಎಳೆದು, ಕೈಗನ್ನಡಿ ಹಿಡಿದು ನಿಂತಳು. ಮನೆಯ ಬಚ್ಚಲಲ್ಲಿ ಒಬ್ಬರೇ ನೋಡಿಕೊಂಡು ಹೆದರಬೇಡಿ, ಇಲ್ಲೇ ನೋಡಿ ಅಂದಳು. ನೋಡಿದೆ... ಅಯ್ಯೋ ಶಿವನೇ! ನನ್ನ ಮೈ ನನಗೇ ಅಸಹ್ಯವಾಯಿತು. ಆಕೆ ಸಮಾಧಾನ ಹೇಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ನಾನು ಅತ್ತು ಮುಗಿಸುವವರೆಗೆ ಕನ್ನಡಿ ಹಿಡಿದೇ ಇದ್ದಳು. ಆಮೇಲೆ, ದಿನಾ ಗೋಡೆಯ ಮೇಲೆ ಬೆರಳು ಹತ್ತಿಸಿ ಕೈ ಪಳಗಿಸಬೇಕು, ಇಲ್ಲದಿದ್ದರೆ ಧಾರೆಯ ಚೊಂಬು ಎತ್ತಲಾಗದು ಅಂತ ಜೋರು ಮಾಡಿದಳು.

ಮನೆಗೆ ಬಂದು ನಾನು ಮಾಡಿದ ಘನಕಾರ್ಯ ಕೇಳಿ. ಶೆಡ್ಡಲ್ಲಿ ಬಿದ್ದಿದ್ದ ವೇಸ್ಟ್ ನೂಲು ತುಂಬಿ, ಉಂಡೆ ಹೊಲಿದು, ರವಿಕೆಯೊಳಗೆ ಇಟ್ಟುಕೊಂಡೆ. ನೇಯುವವರ ಮನೆಯ ಬುದ್ಧಿ! ಬೆವರಿಗೆ ನೂಲಿನ ಗಂಜಿ ನೆನೆದು ಹುಳಿಯಿತು, ಗಾಯದ ಸುತ್ತ ಹುಣ್ಣಾಯಿತು. ಮತ್ತೆ ಆಸ್ಪತ್ರೆಗೆ ಹೋದಾಗ ಸಿಸ್ಟರ್ ವಾಸನೆಯಲ್ಲೇ ಕಂಡುಹಿಡಿದಳು.

"ಏನಕ್ಕಾ, ಗಾಯಕ್ಕೂ ಗಂಜಿ ಹಾಕಿದ್ರಾ?"

ಬೈದಳು, ನಕ್ಕಳು, ನನ್ನನ್ನೂ ನಗಿಸಿದಳು. ಆಪರೇಷನ್ ಆದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಹುಣ್ಣು ಒಣಗಿದ ಮೇಲೆ ಮೆತ್ತನೆಯ ಮಲ್ ಬಟ್ಟೆಯಲ್ಲಿ ಹತ್ತಿ ತುಂಬಿ ತಾನೇ ಹೊಲಿದುಕೊಟ್ಟಳು.

ಮದುವೆಯ ದಿನ ಚೊಂಬು ಎತ್ತಿದೆ. ಧಾರೆ ಎರೆದೆ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಸಿಸ್ಟರ್‌ಗೆ ಡ್ಯೂಟಿ ಇತ್ತು, ಬರಲಿಲ್ಲ. ಫೋಟೋ ತಂದು ತೋರಿಸಲೇಬೇಕು ಅಂದಿದ್ದಳು. ಫೋಟೋದಲ್ಲಿ ನೋಡಿದರೆ, ಕೈ ಎತ್ತಿದಾಗ ಆ ಹತ್ತಿ ಮೇಲಕ್ಕೆ ಸರಿದು ಎದೆ ಒಂದು ಕಡೆ ಸೊಟ್ಟಗಾಗಿತ್ತು. ನಾಚಿಕೆಯಾಗಿ ಬೀರುವಿನಲ್ಲಿ ಬಚ್ಚಿಟ್ಟೆ. ಪ್ರತಿ ಚೆಕಪ್‌ಗೂ ಆಕೆ ಕೇಳುವುದು, ನಾನು ಮರೆತೆ ಅಂತ ಸುಳ್ಳು ಹೇಳುವುದು... ಮೂರು ವರ್ಷ ಹೀಗೇ ಕಳೆಯಿತು.

ಈ ಸೋಮವಾರ ಮನಸ್ಸು ಗಟ್ಟಿ ಮಾಡಿ ಫೋಟೋ ತೆಗೆದುಕೊಂಡು ಹೋದೆ. ಸಿಸ್ಟರ್ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಹೃದಯಾಘಾತವಂತೆ, ತೀರಿಹೋಗಿ ಎರಡು ತಿಂಗಳಾಯಿತಂತೆ.

ಬಸ್ಸಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕಟ್ಟು ಬಿಚ್ಚಿದ ನನ್ನ ಬರಿ ಎದೆಯನ್ನು ನನಗಿಂತ ಮೊದಲು ನೋಡಿದವಳು ಅವಳು. ಈ ಲೋಕದಲ್ಲಿ ಯಾರೊಬ್ಬಳ ಮುಂದೆ ನಾನು ನಾಚಬೇಕಿರಲಿಲ್ಲವೋ, ಅವಳ ಮುಂದೆಯೇ ನಾಚಿದೆ.