ಎದುರು ಬಾಗಿಲಿನ ತಾಯಿ

ಆಕೆಯ ಎಡಗೈಯಲ್ಲಿ ಇದ್ದದ್ದು ಒಂದೇ ಬಳೆ. ಅದರ ತುಂಬ ಸಣ್ಣ ದೊಡ್ಡ ಸೇಫ್ಟಿ ಪಿನ್ನುಗಳು ಗೊಂಚಲಾಗಿ ನೇತಾಡುತ್ತಿದ್ದವು. ಕೈ ಬೀಸಿ ಮಾತಾಡಿದರೆ ಸಾಕು, ಝಲ್ಲೆನ್ನುತ್ತಿದ್ದವು. ಆಂಟಾಪ್ ಹಿಲ್‌ನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ನನ್ನ ಬಾಗಿಲಿಗೆ ಎದುರಾಗಿದ್ದದ್ದು ಆಕೆಯ ಬಾಗಿಲು. ಹೊಸ್ತಿಲ ಒಳಗೇ ಹೊಲಿಗೆ ಮಷಿನ್ನು, ಪಕ್ಕದಲ್ಲಿ ದಾದರಿನ ಅಂಗಡಿಗಳಿಂದ ಫಾಲ್ ಹಚ್ಚಲು ತಂದ ಸೀರೆಗಳು, ಅವುಗಳ ನಡುವೆ ಹೂವಿನ ಗೌನು ತೊಟ್ಟು, ಹೆಗಲ ಮೇಲೊಂದು ಟವೆಲ್ಲು ಹಾಕಿಕೊಂಡು ಕೂತ ಆಕೆ. ಬ್ಲೌಸಿನ ಹುಕ್ಕು ಕಿತ್ತವರು, ಚಪ್ಪಲಿಯ ಬಾರು ಹರಿದವರು, ಮಕ್ಕಳ ಬ್ಯಾಗಿನ ಜಿಪ್ಪು ಕೆಟ್ಟವರು ಎಲ್ಲರೂ ಆ ಬಳೆಯ ಮುಂದೆ ಬಂದು ನಿಲ್ಲುತ್ತಿದ್ದರು. ಆಕೆ ಒಂದಷ್ಟು ಬೈದು ಒಂದು ಪಿನ್ನು ಬಿಚ್ಚಿ ಕೊಡುತ್ತಿದ್ದಳು. ಬೈಯದೆ ಕೊಟ್ಟದ್ದನ್ನು ನಾನು ನೋಡಿಲ್ಲ.

ನಾನು ಹಾವೇರಿ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದೆ. ನನ್ನವರು ಹೊಸ ಬಿಲ್ಡಿಂಗುಗಳಿಗೆ ವೈರಿಂಗ್ ಮಾಡುವ ಕೆಲಸದವರು. ಬೆಳಿಗ್ಗೆ ಡಬ್ಬಿ ಹಿಡಿದು ಲೋಕಲ್ ಹತ್ತಿದರೆ ಮತ್ತೆ ಮುಖ ಕಾಣುತ್ತಿದ್ದದ್ದು ದೀಪ ಹಚ್ಚಿದ ಮೇಲೆಯೇ. ನನಗೆ ಮರಾಠಿ ಬಾರದು, ಹಿಂದಿ ಟೀವಿಯಲ್ಲಿ ಕೇಳಿದಷ್ಟು. ತರಕಾರಿಯವನು ನನ್ನನ್ನು 'ಮದ್ರಾಸಿ' ಎಂದು ಕೂಗಿ ಕೊಳೆತ ಟೊಮೆಟೊ ಚೀಲಕ್ಕೆ ತುಂಬುತ್ತಿದ್ದ. ಮದ್ರಾಸನ್ನು ನಾನು ಶಾಲೆಯ ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಬಸ್ಸಿನ ಕಂಡಕ್ಟರಿನ ಮೇಲೆ ಸಿಟ್ಟು, ಕೋಳಿ ಕೂಗುವ ಮುಂಚೆ ಬಂದು ಕಣ್ಣುಜ್ಜಿಕೊಳ್ಳುವುದರೊಳಗೆ ನಿಂತುಹೋಗುವ ನಲ್ಲಿಯ ಮೇಲೆ ಸಿಟ್ಟು. ಇಂಥ ಊರಿಗೆ ನನ್ನನ್ನು ಕೊಟ್ಟ ಅಪ್ಪನ ಮೇಲಂತೂ ಹೇಳತೀರದ ಸಿಟ್ಟು.

ಆಕೆಯ ಮೇಲೂ ಮೊದಲು ಬಂದದ್ದು ಸಿಟ್ಟೇ. ಆಕೆ ಬೊಂಬಿಲು ಹುರಿದ ದಿನ ಆ ಒಣಮೀನಿನ ವಾಸನೆ ಸೀದಾ ನನ್ನ ಅಡುಗೆಮನೆಗೆ ಬಂದು ಕೂರುತ್ತಿತ್ತು. ನಮ್ಮ ಮನೆತನದಲ್ಲಿ ಮೀನಿನ ಹೆಸರೆತ್ತಿದರೂ ಮೂಗು ಮುಚ್ಚುವವರು. ನಾನು ದಢಾರನೆ ಬಾಗಿಲು ಹಾಕಿದೆ. ಆಕೆ ಎದ್ದು ಬಂದು ಬಾಗಿಲು ಬಡಿದಳು. ಜಗಳಕ್ಕೇ ಬಂದಳೆಂದು ಸೆರಗು ಬಿಗಿದು ತೆರೆದರೆ, ಮೂಗು ಮುಚ್ಚಿಕೊಂಡ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೆ ಬಂದು ನನ್ನ ಕಿಟಕಿ ತೆರೆದು, ಗಾಳಿ ಯಾವ ಕಡೆಯಿಂದ ಬರುತ್ತದೆಂದು ಕೈಸನ್ನೆಯಲ್ಲಿ ತೋರಿಸಿ ಹೋದಳು. ಬೊಂಬಿಲು ಮಾತ್ರ ಬಿಡಲಿಲ್ಲ.

ಇಡೀ ಬಿಲ್ಡಿಂಗು ಆಕೆಯನ್ನು ಕರೆಯುತ್ತಿದ್ದದ್ದು 'ತಾಯಿ' ಎಂದು. ನನ್ನ ಕಿವಿಗೆ ಬಿದ್ದದ್ದು ಹಾಗೆ. ಹಾಲಿನವನು ತಾಯಿ ಅನ್ನುತ್ತಿದ್ದ. ಸ್ಕೂಲಿಗೆ ಹೋಗುವ ಹುಡುಗಿಯರೂ ತಾಯಿ, ಆಕೆಗಿಂತ ವಯಸ್ಸಾದ ವಾಚ್‌ಮನ್ನನೂ ತಾಯಿ. ನಮ್ಮ ಕಡೆ ಮನೆಯಲ್ಲಿ ಅವ್ವ ಅನ್ನುತ್ತೇವೆ. ತಾಯಿ ಎಂದು ಕರೆಯುವುದು ದೇವಿಯನ್ನು, ಇಲ್ಲವೇ ತುಂಬ ದೊಡ್ಡವರನ್ನು. ಅಬ್ಬಾ, ಊರೆಲ್ಲ ತಾಯಿ ಅನ್ನಬೇಕಾದರೆ ಈಕೆ ಎಂಥ ಹೆಂಗಸಿರಬೇಕು ಅಂದುಕೊಂಡೆ. ಬಂದ ಮೊದಲ ವಾರದಿಂದಲೇ ನಾನೂ ಕೈಮುಗಿದು "ತಾಯಿ" ಎಂದು ಕರೆಯತೊಡಗಿದೆ. ಆಕೆ ಓಗೊಡುತ್ತಿದ್ದಳು.

ಓಗೊಟ್ಟು ಸುಮ್ಮನಿರಲಿಲ್ಲ. ನಲ್ಲಿ ಬರುವ ಹೊತ್ತಿಗೆ "ಅಗ ಪೋರೀ, ಪಾಣೀ ಆಲಂ!" ಎಂದು ಕದ ಬಡಿಯುತ್ತಿದ್ದಳು. ಏ ಹುಡುಗಿ, ನೀರು ಬಂತು ಎಂದು. ಆ ಬಡಿತ ಇಲ್ಲದಿದ್ದರೆ ನಾನು ಎಷ್ಟು ದಿನ ಸ್ನಾನವಿಲ್ಲದೆ ಇರುತ್ತಿದ್ದೆನೋ. ಸೀರೆಯ ಗಂಟುಗಳನ್ನು ಹೊರಿಸಿ ದಾದರಿಗೆ ಕರೆದೊಯ್ದಳು. ಲೋಕಲ್ಲಿನಲ್ಲಿ ಹೆಂಗಸರ ಡಬ್ಬಿ ಹತ್ತಿದ ಕೂಡಲೇ ಕೂತವರನ್ನೆಲ್ಲ "ಕುಠೇ ಉತರಣಾರ?", ಅಂದರೆ ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಬೇಗ ಇಳಿಯುವವಳ ಸೀಟನ್ನು ಮಾತಿನಲ್ಲೇ ಹಿಡಿದಿಡುವುದನ್ನು ಕಲಿಸಿದಳು. ನನಗೆ ನಾಚಿಕೆ. ಕೇಳದೆ ನಿಂತರೆ ಮೊಣಕೈಯಿಂದ ತಿವಿಯುತ್ತಿದ್ದಳು. ಒಂದು ದಿನ ತರಕಾರಿಯವನ ಗಾಡಿಯ ಮುಂದೆ ನನ್ನ ಚೀಲ ಸುರಿದು, ಕೊಳೆತ ಟೊಮೆಟೊಗಳನ್ನು ಒಂದೊಂದಾಗಿ ಎತ್ತಿ ಅವನ ತಕ್ಕಡಿಗೇ ಹಾಕಿದಳು. ಆಮೇಲೆ ಅವನು ನನ್ನನ್ನು ಮದ್ರಾಸಿ ಅನ್ನಲಿಲ್ಲ. "ವೈನೀ" ಅಂದ. ಅತ್ತಿಗೆ ಎಂದು ಅದರ ಅರ್ಥ ತಿಳಿದ ದಿನ, ಈ ಊರಿನಲ್ಲಿ ನಾನೂ ಇದ್ದೇನೆ ಅನ್ನಿಸಿತು.

ಗುಟ್ಟು ಒಡೆದದ್ದು ಹಪ್ಪಳ ಒತ್ತಿ ಒಣಗಿಸಲು ಹೆಂಗಸರೆಲ್ಲ ಟೆರೇಸಿನಲ್ಲಿ ಸೇರಿದ್ದಾಗ. ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಒಬ್ಬ ಅಕ್ಕ ಇದ್ದರು. ಅವರ ಗಂಡ ಫೋರ್ಟ್ ಏರಿಯಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಕನ್ನಡ, ಮರಾಠಿ ಎರಡೂ ಬಲ್ಲ ಆ ಅಕ್ಕ ನನ್ನ ಬಾಯಿಂದ ಆ ಮಾತು ಕೇಳಿ ಕಣ್ಣರಳಿಸಿದರು.

"ಅಯ್ಯೋ ಮಾರಾಯ್ತಿ, ನೀವು ಎಂತ ತಾಯಿ ತಾಯಿ ಅಂತ ಹೇಳುವುದು? ಅದು ತಾಈ ಅಲ್ವಾ! ಮರಾಠಿಯಲ್ಲಿ ಅಕ್ಕ ಅಂತ ಅರ್ಥ. ಅವರಿಗೆ ಮಕ್ಕಳೇ ಇಲ್ಲ!"

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮರಾಠಿಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದರು. ಟೆರೇಸೆಲ್ಲ ನಗು. ಒಬ್ಬಳು, ಬಸಿರಿಲ್ಲದೆ ಬಾಣಂತನವಿಲ್ಲದೆ ಇಷ್ಟೆತ್ತರದ ಮಗಳು ಸಿಕ್ಕಳಲ್ಲ ನಿನಗೆ ಎಂದಳು. ಇನ್ನೊಬ್ಬಳು ಪೇಢೆ ಹಂಚು ಎಂದಳು. ಆಕೆಯ ಗಂಡ ಮದುವೆಯಾದ ಸ್ವಲ್ಪ ವರ್ಷಕ್ಕೇ ತೀರಿಹೋಗಿದ್ದ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವರಲ್ಲಿ ಆಕೆಯ ಬಳೆಯಿಂದ ಪಿನ್ನು ಬೇಡದವಳು ಒಬ್ಬಳೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಬಾಯಲ್ಲಿ ಮರಾಠಿ ಇಲ್ಲ. ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಎಸೆದು ಕನ್ನಡದಲ್ಲೇ ಕೂಗಿದೆ: "ನಗ್ರಿ, ನಗ್ರಿ! ನಿಮ್ಮ ಹಲ್ಲು ಉದುರಿ ಹೋಗಲಿ!" ಉಡುಪಿಯ ಅಕ್ಕ ಅದನ್ನು ಅನುವಾದ ಮಾಡಲಿಲ್ಲ.

ಆಕೆ ಎದ್ದು ಕೆಳಗೆ ಹೋದಳು. ಹಿಂದೆಯೇ ಹೋದ ನಾನು ಬಾಗಿಲಲ್ಲಿ ನಿಂತೆ. ಮಷಿನ್ನಿನಿಂದ ತಲೆ ಎತ್ತದೆ, ನಿಮ್ಮ ಭಾಷೆಯಲ್ಲಿ ಆ ಮಾತಿಗೆ ಆಯೀ ಅಂತಲೇ ಅರ್ಥವೇ ಎಂದು ಕೇಳಿದಳು. ಆಯೀ ಅಂದರೆ ಅವ್ವ. ಹೌದು ಎಂದು ತಲೆ ಆಡಿಸಿದೆ. ಇನ್ನು ನನ್ನ ಮುಖ ನೋಡುವುದಿಲ್ಲ ಈಕೆ ಅಂದುಕೊಂಡೆ. ಮರುದಿನ ನೀರಿನ ಹೊತ್ತಿಗೆ ಕದದ ಮೇಲೆ ಎಂದಿಗಿಂತ ಜೋರಾದ ಬಡಿತ. "ಬಾಳ, ಪಾಣೀ ಆಲಂ!" ಬಾಳ ಅಂದರೆ ಮರಾಠಿಯಲ್ಲಿ ಮಗು. ನಮ್ಮ ಹಾವೇರಿ ಕಡೆ ಬಾಳ ಅಂದರೆ ಬಹಳ. ಎರಡರಲ್ಲಿ ಯಾವುದೆಂದು ನಾನು ಕೇಳಲು ಹೋಗಲಿಲ್ಲ. ಅಂದಿನಿಂದ ಆಕೆ ನನ್ನನ್ನು ಪೋರೀ ಅನ್ನುವುದು ನಿಂತಿತು.

ಚೊಚ್ಚಲ ಹೆರಿಗೆಗೆ ನಾನು ತವರಿಗೆ ಹೋಗಬೇಕಿತ್ತು. ಅವ್ವ ಕಾಲು ಮುರಿದುಕೊಂಡು ಮಲಗಿದ್ದಳು, ಡಾಕ್ಟರರು ನನಗೆ ಪ್ರಯಾಣ ಬೇಡ ಅಂದರು. ಬಾಣಂತನ ಮಾಡಿದವಳು ಈಕೆಯೇ. ಸೀರೆಗಳ ಗಂಟನ್ನು ಅಟ್ಟಕ್ಕೆ ಹಾಕಿ, ಮಷಿನ್ನಿಗೆ ಬಟ್ಟೆ ಮುಚ್ಚಿ, ನನಗೆ ಎಣ್ಣೆ ತಿಕ್ಕಿ, ಓಮಿನ ಹೊಗೆ ಹಾಕಿ, ಸಬ್ಬಸಿಗೆ ಪಲ್ಯ ಮಾಡಿ ಬಡಿಸಿದಳು. ಅಷ್ಟು ದಿನವೂ ಬೊಂಬಿಲು ಹುರಿಯಲಿಲ್ಲ. ಮಗಳನ್ನು ಕಾಲಮೇಲೆ ಮಲಗಿಸಿಕೊಂಡು ಮೀಯಿಸುವಾಗ ಮಾತ್ರ ಬಳೆಯ ಪಿನ್ನುಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿಡುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನಕ್ಕೆ ಊರಿನಿಂದ ಅತ್ತೆ ಬಂದರು. ಬಿಲ್ಡಿಂಗಿನ ಹೆಂಗಸರೂ ಸೇರಿದರು. ಮುತ್ತೈದೆಯರು ತೊಟ್ಟಿಲ ಸುತ್ತ ನಿಂತರು. ಆಕೆ ಹೊಸ ಸೀರೆ ಉಟ್ಟು, ತಾನೇ ಹೊಲಿದ ಕುಂಚಿಗೆ ಹಿಡಿದು ಬಂದಳು. ಅತ್ತೆ ನನ್ನ ಕಿವಿಯಲ್ಲಿ, "ಆಕಿ ತೊಟ್ಲಾ ಮುಟ್ಟೂದು ಬ್ಯಾಡವಾ. ಗಂಡ ಇಲ್ಲ, ಮಕ್ಕಳಿಲ್ಲ. ಕೂಸಿಗೆ ಚಲೋ ಅಲ್ಲ" ಅಂದರು. ಅತ್ತೆಯ ಕನ್ನಡ ಒಂದಕ್ಷರ ಬಾರದ ಹೆಂಗಸರಿಗೂ ಅದು ಹೇಗೆ ಅರ್ಥವಾಯಿತೋ, ಒತ್ತಾಗಿ ನಿಂತು ಆಕೆಗೆ ಜಾಗ ಇಲ್ಲದಂತೆ ಮಾಡಿದರು. ಇಂಥದಕ್ಕೆ ಯಾರಿಗೂ ಭಾಷೆ ಕಲಿಸಬೇಕಾಗಿಲ್ಲ! ಆಕೆ ಕುಂಚಿಗೆಯನ್ನು ಕುರ್ಚಿಯ ಮೇಲಿಟ್ಟು ತನ್ನ ಮನೆಗೆ ಹೋದಳು.

ನಾನು ಎದ್ದೆ. "ಹಂಗಾದ್ರ ನಿಮ್ಮ ತೊಟ್ಲಾ ನಿಮಗ ಇರಲಿ ಅತ್ತಿ" ಎಂದು ತೊಟ್ಟಿಲಿನಿಂದ ಮಗಳನ್ನು ಎತ್ತಿಕೊಂಡು ಎದುರು ಮನೆಗೆ ನಡೆದೆ. ಇಷ್ಟು ದಿನ ಈ ಕೂಸಿನ ಹೇಲು ಉಚ್ಚೆ ಬಳಿದ ಕೈ ತೊಟ್ಟಿಲಿಗೆ ಆಗದೇ? ಮಗಳನ್ನು ಆಕೆಯ ಮಡಿಲಲ್ಲಿಟ್ಟು, ನೀನೇ ಹೆಸರಿಡು ಅಂದೆ. ಆಕೆ ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ತಲೆ ನೋಡಿ ಕಿರುಚಿದಳು: "ಆಧೀ ಕಾನ ಬಾಂಧ!" ಮೊದಲು ಕಿವಿ ಕಟ್ಟಿಕೋ ಎಂದು. ಹಸಿ ಬಾಣಂತಿ ಸ್ಕಾರ್ಫಿಲ್ಲದೆ ಗಾಳಿಗೆ ಬಂದಿದ್ದೆನಲ್ಲ. ತನ್ನ ಹೆಗಲ ಸೆರಗನ್ನೇ ಎಳೆದು ನನ್ನ ಕಿವಿ ಮುಚ್ಚಿದಳು. ಆಮೇಲೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಅತ್ತೆ ಊರಿಗೆ ಹೋಗುವ ತನಕ ನನ್ನೊಡನೆ ಮಾತಾಡಲಿಲ್ಲ. ನನಗೂ ಅದರಿಂದ ಅನುಕೂಲವೇ ಆಯಿತು.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಹೋದ ವರ್ಷ ಎದುರು ಬಾಗಿಲಿನ ಆಕೆಗೆ ಉಸಿರಾಟದ ತೊಂದರೆ ಶುರುವಾಗಿ ಆಸ್ಪತ್ರೆಗೆ ಸೇರಿಸಿದೆವು. ಕಲ್ಯಾಣದಲ್ಲಿ ಆಕೆಯ ಗಂಡನ ಅಣ್ಣನ ಮಗನೊಬ್ಬ ಇದ್ದ. ಎಂದೂ ಬಾರದವನು ಆಗ ಬಂದ. ಆಸ್ಪತ್ರೆಗೆ ಹೋಗುವ ಮೊದಲು ಬಿಲ್ಡಿಂಗಿಗೆ ಬಂದು, ಕಾಕಿಯ ಖೋಲಿಯ, ಅಂದರೆ ಚಿಕ್ಕಮ್ಮನ ಮನೆಯ, ಬೀಗದಕೈ ಯಾರ ಹತ್ತಿರ ಇದೆ ಎಂದು ಕೇಳಿದ. ಕಾಕಿಗೆ ಹೇಗಿದೆ ಎಂದು ಕೇಳುವುದು ಅವನಿಗೆ ನೆನಪಾಗಲಿಲ್ಲ. ಐಸಿಯುಗೆ ಹಾಕಿದ ಮೇಲೆ ಒಳಗೆ ಬಿಡುವುದು ಸಂಬಂಧಿಕರನ್ನು ಮಾತ್ರ ಅಂದರು. ಸಂಬಂಧಿಕ ಕಲ್ಯಾಣದಲ್ಲಿ. ನಾನು ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲಿ.

"ತುಮ್ಹೀ ಕೋಣ?" ಬಾಗಿಲಿನ ಗಾರ್ಡು ನೀವು ಯಾರು ಎಂದು ಕೇಳಿದ.

ಇಷ್ಟು ವರ್ಷ ಮರಾಠಿ ಆಡಿದ್ದೇನೆ. ಆಯೀ ಅನ್ನುವ ಮಾತು ಬಾರದವಳಲ್ಲ. ಸಿಟ್ಟಿಗೋ ಸಂಕಟಕ್ಕೋ ಬಾಯಿಗೆ ಬಂದದ್ದು ನನ್ನ ಮಾತೇ. "ಒಳಗಿರೂದು ನನ್ನ ತಾಯಿ" ಅಂದೆ.

"ತಾಈ? ಸಖ್ಖೀ ಬಹೀಣ?" ಸ್ವಂತ ಅಕ್ಕನಾ ಎಂದ. ನಾನು ಹೌದು ಅಂದೆ. ಇಬ್ಬರ ವಯಸ್ಸನ್ನೂ ಬಣ್ಣವನ್ನೂ ಮನಸ್ಸಿನಲ್ಲೇ ತಾಳೆ ಹಾಕಿದಂತೆ ನನ್ನ ಮುಖ ನೋಡಿ, ಹೋಗಿ ಎಂದು ಬಾಗಿಲು ಬಿಟ್ಟ. ನನ್ನ ತಾಯಿಯನ್ನು ನೋಡಲು ನಾನು ತಂಗಿಯಾಗಿ ಹೋಗಬೇಕಾಯಿತು.

ಮೂಗಿನಲ್ಲಿ ನಳಿಕೆ, ಬರಿಗೈ. ಬಳೆಯನ್ನು ನರ್ಸು ತೆಗೆದಿಟ್ಟಿದ್ದಳು. ನನ್ನನ್ನು ಕಂಡು, ನಿನ್ನನ್ನು ಹೇಗೆ ಬಿಟ್ಟರು ಎಂದು ಹುಬ್ಬೇರಿಸಿದಳು. ನಡೆದದ್ದನ್ನು ಹೇಳಿದೆ, ಸುಳ್ಳು ಹೇಳಿ ಬಂದೆ ಅಂದೆ. ಆಕೆ ನಕ್ಕಳು, ಕೆಮ್ಮಿದಳು, ತಡೆದು ತಡೆದು ಹೇಳಿದಳು: "ಖರಂಚ ತರ ಬೋಲಲೀಸ, ಬಾಳ. ತ್ಯಾಲಾ ಕಾನ ನಾಹೀತ." ನಿಜವನ್ನೇ ಹೇಳಿದೆಯಲ್ಲ ಮಗಾ, ಅವನಿಗೆ ಕಿವಿ ಇಲ್ಲ. ಗಂಜಿ ಎರಡು ಚಮಚ ಕುಡಿದಳು. ಮರುದಿನ ನಾನು ಹೋಗುವುದರೊಳಗೆ ತೀರಿಕೊಂಡಿದ್ದಳು.

ದೇಹವನ್ನು ನನಗೆ ಕೊಡಲಿಲ್ಲ. ಕಲ್ಯಾಣದಿಂದ ಅವನು ಬರುವ ತನಕ ಕಾಯಿಸಿದರು. ಅವನು ಬಂದು ಎಲ್ಲವನ್ನೂ ಸರಸರ ಮುಗಿಸಿದ. ಹದಿಮೂರನೆಯ ದಿನಕ್ಕೆ ಮೊದಲೇ ಆಕೆಯ ಬಾಗಿಲಿಗೆ ಹೊಸ ಬೀಗ ಬಿತ್ತು. ಮಷಿನ್ನು ಗುಜರಿಗೆ ಹೋಯಿತು. ಅದನ್ನು ಹೊತ್ತು ಇಳಿಸುವಾಗ ಅದರ ಡ್ರಾಯರಿನಿಂದ ಮೆಟ್ಟಿಲ ಮೇಲೆ ಉದುರಿದ ಪಿನ್ನುಗಳನ್ನು ನಾನೂ ಮಗಳೂ ಕೂತು ಆರಿಸಿದೆವು.

ಹದಿಮೂರನೆಯ ದಿನ ಬಿಲ್ಡಿಂಗಿನ ಹೆಂಗಸರು ಪ್ಯಾಸೇಜಿನಲ್ಲಿ ಆಕೆಯ ಫೋಟೋ ಇಟ್ಟು ಹಾರ ಹಾಕಿದರು. ಟೆರೇಸಿನಲ್ಲಿ ನಕ್ಕವರು, ತೊಟ್ಟಿಲ ಸುತ್ತ ಒತ್ತಾಗಿ ನಿಂತವರು, ಎಲ್ಲರ ಕಣ್ಣಲ್ಲೂ ನೀರು. ಒಬ್ಬೊಬ್ಬರಾಗಿ, ನಮಗೆಲ್ಲ ಆಯಿಯ ಹಾಗೆ ಇದ್ದಳು ಅಂದರು. ಬದುಕಿದ್ದಾಗ ಒಬ್ಬಳ ಬಾಯಿಂದಲೂ ಬಾರದ ಮಾತು ಹಾರದ ಜೊತೆ ಪುಕ್ಕಟೆಯಾಗಿ ಬಂತು. ಉಡುಪಿಯ ಅಕ್ಕನಿಗೂ ಈಗ ವಯಸ್ಸಾಗಿದೆ. ನನ್ನ ಪಕ್ಕ ಕೂತು ಕೈ ಹಿಡಿದು, "ನಿಮಗಂತೂ ತಾಯಿಯ ಹಾಗೇ ಇದ್ದರು ಅಲ್ವಾ" ಎಂದು ಕಣ್ಣೊರೆಸಿಕೊಂಡರು.

ನಾನು ಕೈ ಬಿಡಿಸಿಕೊಂಡೆ.

"ಹಾಗೆ ಗೀಗೆ ಅಲ್ರಿ ಅಕ್ಕಾರ. ತಾಯಿ. ಬಂದ ಮೊದಲನೇ ವಾರದಿಂದ ಅದನ್ನ ಅಂದೇನಿ. ನಿಮಗ ಕೇಳಿಸಿಲ್ಲ."