ಹೊಂಗೆ ಎಣ್ಣೆ ಮತ್ತು ವಿಮಾನದ ಪ್ರಶ್ನೆ

ಸಿಂದಗಿಯ ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬೀಜದ ಎಣ್ಣೆ ಇಂಧನವಾಗುವ ಕ್ರಿಯೆಯನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದೆ. ಒಮ್ಮೆಯೂ ಮಾಡಿ ನೋಡಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಗೊಳಸಂಗಿಯವಳೊಬ್ಬಳು ನಮ್ಮ ವಿಭಾಗಕ್ಕೆ ಹೊಸ ಉಪನ್ಯಾಸಕಿಯಾಗಿ ಬಂದಳು. ಬಂದ ವರ್ಷವೇ ತಮ್ಮ ಹೊಲದ ಬದುವಿನ ಹೊಂಗೆ ಬೀಜದ ಎಣ್ಣೆ ಹಿಡಿದು ನನ್ನೆದುರು ನಿಂತಳು.

“ಅಕ್ಕಾರ, ಇದರಿಂದ ಡೀಸೆಲ್ ಮಾಡ್ತೇನ್ರಿ. ಮೆಥನಾಲ್ ಐತೇನ್ರಿ?”

“ಖಾಲಿ ಆಗೈತಿ,” ಎಂದೆ. ಬೀಗ ಹಾಕಿದ ಕಪಾಟಿನಲ್ಲಿ ಎರಡು ಬಾಟಲಿ ಇದ್ದವು. ಕಪಾಟಿಗೆ ಗಾಜಿನ ಬಾಗಿಲು. ಅವಳು ಅತ್ತ ಒಮ್ಮೆ ನೋಡಿ, “ಆತ್ರಿ” ಎಂದು ಹೋದಳು. ಮರುದಿನ ರಜೆ ಹಾಕಿ ವಿಜಾಪುರದಿಂದ ತಂದಳು.

ತಿಂಗಳೊಳಗೆ ಕಾಲೇಜಿನ ಅಂಗಳದಲ್ಲಿ ಪಂಪ್‌ಸೆಟ್ಟಿನ ಎಂಜಿನ್ ಅವಳ ಎಣ್ಣೆಯಿಂದ ಓಡಿತು. ಹೊಗೆ ಕಡಿಮೆ, ಭಜಿ ಕರಿದ ವಾಸನೆ. ವಿದ್ಯಾರ್ಥಿಗಳ ಚಪ್ಪಾಳೆ ನನಗೆ ಸಹಿಸಲಾಗಲಿಲ್ಲ.

“ವಿಮಾನಾನೂ ಹಾರಿಸ್ತೀರೇನ್ರಿ, ಮೇಡಮ್ಮಾರ?” ಎಂದೆ. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. ಎದುರಿನ ಕಬ್ಬಿನ ಹಾಲಿನ ಅಂಗಡಿಯಿಂದ ಬರ್ಫದ ಗಡ್ಡೆ ತರಿಸಿ, ಎಣ್ಣೆ ತುಂಬಿದ ಗಾಜಿನ ಕೊಳವೆಯನ್ನು ಅದರಲ್ಲಿ ಹುಗಿದಳು. ತುಸು ಹೊತ್ತಿಗೆ ಅದು ತುಪ್ಪದಂತೆ ಗಟ್ಟಿಯಾಯಿತು.

“ಮ್ಯಾಲ ಹ್ವಾದ್ರ ಇದಕ್ಕಿಂತ ಥಂಡಿ ಇರ್ತೈತ್ರಿ. ಅಲ್ಲಿ ಇದು ನಡಿಯಂಗಿಲ್ಲ. ಅಕ್ಕಾರು ಛಲೋ ಪ್ರಶ್ನೆ ಕೇಳ್ಯಾರ. ಇದಕ್ಕ ಏನ್ ಮಾಡಬೇಕಂತ ನನಗ ಇನ್ನಾ ಗೊತ್ತಿಲ್ರಿ.”

ನನ್ನ ಕುಹಕ ಅವಳ ಕೈಯಲ್ಲಿ ಒಳ್ಳೆಯ ಪ್ರಶ್ನೆಯಾಗಿಬಿಟ್ಟಿತು. ಗೊತ್ತಿಲ್ಲ ಎಂದು ವಿದ್ಯಾರ್ಥಿಗಳೆದುರು ನಾನು ಎಂದೂ ಹೇಳಿದವಳಲ್ಲ. ಎಂಜಿನ್ನಿಗಿಂತ ಆ ಮಾತಿಗೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು.

ಕೆಲವು ವರ್ಷಗಳ ನಂತರ, ಪರದೇಶದಲ್ಲಿ ಗಿಡದ ಎಣ್ಣೆಯ ಇಂಧನ ಬೆರೆಸಿ ವಿಮಾನ ಹಾರಿಸಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಅವಳು ನಿಂತಲ್ಲೇ ಓದಿದಳು.

“ಹೈಡ್ರೋಜನ್ ಹಾಯಿಸಿ ಎಣ್ಣಿ ಥಂಡ್ಯಾಗ ಗಟ್ಟಿ ಆಗದಂಗ ಮಾಡ್ಯಾರ್ರಿ, ಅಕ್ಕಾರ. ನಾ ಇದನ್ನ ಕಲಿಯಾಕ ಹೋಗ್ತೇನಿ. ಒಂದು ಶಿಫಾರಸು ಪತ್ರ ಬರದು ಕೊಡ್ರಿ.”

“ಶ್ರಮಜೀವಿ, ಆದರೆ ಆತುರದ ಸ್ವಭಾವ” ಎಂದು ಮೊದಲು ಬರೆದೆ. ಓದಿ ನಾಚಿಕೆಯಾಗಿ ಹರಿದೆ. ಅಂಗಳದಲ್ಲಿ ಕಂಡದ್ದನ್ನು ಇದ್ದಂತೆ ಬರೆದೆ. ಅವಳಿಗೆ ಸಂಶೋಧನೆಗೆ ಸೀಟು ಸಿಕ್ಕಿತು.

ಆ ವರ್ಷ ಮೊದಲ ಬಾರಿಗೆ ನಾನೇ ವಿದ್ಯಾರ್ಥಿಗಳಿಂದ ಡೀಸೆಲ್ ಮಾಡಿಸಲು ಹೋದೆ. ಪಾತ್ರೆಯ ತುಂಬ ಸಾಬೂನಿನ ಮುದ್ದೆಯಾಯಿತು. ಎರಡು ದಿನ ತಡೆದು ಅವಳಿಗೇ ಫೋನ್ ಮಾಡಿದೆ. ತಪ್ಪೆಲ್ಲಿ ಎಂದು ಅವಳು ತಾಳ್ಮೆಯಿಂದ ಹೇಳುತ್ತಿದ್ದಳು. ನಾನು ಹೊಟ್ಟೆ ಉರಿಸಿಕೊಳ್ಳುತ್ತಲೇ ಎಲ್ಲವನ್ನೂ ಬರೆದುಕೊಂಡೆ.